ದೇವರ ಜೊತೆ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಪ್ರಾಟೆಸ್ಟೆಂಟ್ ಚರ್ಚಿನಲ್ಲಿ, 18 ವರ್ಷದಿಂದ ಸಂಡೇ ಸ್ಕೂಲ್ ಟೀಚರ್ ಆಗಿದ್ದೇನೆ. ನನ್ನದು ದೊಡ್ಡ ಮಕ್ಕಳ ಕ್ಲಾಸ್. ಈ ಮಕ್ಕಳು ಕ್ಲಾಸಿನೊಳಗೆ ಬಾಯಿ ಬಿಡುವುದಿಲ್ಲ. ಎಲ್ಲ ಮುಗಿದು ಹೊರಗೆ ಛತ್ರಿ ಹುಡುಕುವಾಗ ಮೆಲ್ಲ ಹತ್ತಿರ ಬಂದು "ಟೀಚರ್, ಒಂದು ಕೇಳ್ಲಾ?" ಅನ್ನುತ್ತಾರೆ. ಈಗೀಗ ಅವರ ಅಪ್ಪ ಅಮ್ಮಂದಿರೂ ವಾಟ್ಸಾಪ್‌ನಲ್ಲಿ ಅದೇ ಪ್ರಶ್ನೆ ಕಳಿಸುತ್ತಾರೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಅಡುಗೆಮನೆಯಲ್ಲಿ, ಸಿಟಿ ಬಸ್ಸಿನಲ್ಲಿ, ಆಸ್ಪತ್ರೆಯ ವರಾಂಡದಲ್ಲಿ ಪ್ರಾರ್ಥನೆ ಮಾಡಿ ಗೊತ್ತಾದಷ್ಟು ಹೇಳಬಲ್ಲೆ.

"ದೇವರ ಜೊತೆ ವೈಯಕ್ತಿಕ ಸಂಬಂಧ" ಅಂದರೆ ಎಂತ?

ಒಬ್ಬರ ಬಗ್ಗೆ ಮಾತಾಡುವುದು ಬೇರೆ, ಅವರ ಜೊತೆ ಮಾತಾಡುವುದು ಬೇರೆ. ನಮ್ಮಲ್ಲಿ ಹೆಚ್ಚಿನವರಿಗೆ ದೇವರ ಬಗ್ಗೆ ಬೇಕಾದಷ್ಟು ಗೊತ್ತಿದೆ. ಹತ್ತು ಆಜ್ಞೆ ಬಾಯಿಪಾಠ, ಹನ್ನೆರಡು ಶಿಷ್ಯರ ಹೆಸರು ಬಾಯಿಪಾಠ. ಆದರೆ ನಿನ್ನೆ ಮನಸ್ಸಿಗೆ ನೋವಾದದ್ದನ್ನು ದೇವರಿಗೆ ಹೇಳಿದಿರಾ ಅಂತ ಕೇಳಿದರೆ ಸುಮ್ಮನಾಗುತ್ತೇವೆ.

ಕ್ರೈಸ್ತ ನಂಬಿಕೆಯ ಪ್ರಕಾರ ದೇವರು ಬರೀ ಒಂದು ಶಕ್ತಿಯಲ್ಲ. ಕೇಳಿಸಿಕೊಳ್ಳುವವನು, ಯೇಸುವಿನಲ್ಲಿ ಮನುಷ್ಯನಾಗಿ ಬಂದವನು. ಬೈಬಲಿನ ಯೋಹಾನ 15ರಲ್ಲಿ ಯೇಸು ಶಿಷ್ಯರಿಗೆ, ಇನ್ನು ನಿಮ್ಮನ್ನು ಆಳುಗಳು ಅನ್ನುವುದಿಲ್ಲ, ಸ್ನೇಹಿತರು ಅನ್ನುತ್ತೇನೆ ಎನ್ನುತ್ತಾನೆ. ಯಾಕೆಂದರೆ ಯಜಮಾನ ಏನು ಮಾಡುತ್ತಾನೆ ಅಂತ ಆಳಿಗೆ ಗೊತ್ತಿರುವುದಿಲ್ಲ, ಸ್ನೇಹಿತನಿಗೆ ಗೊತ್ತಿರುತ್ತದೆ. ನನಗೆ ಈ ಕಾರಣವೇ ಇಷ್ಟ. ಸ್ನೇಹ ಅಂದರೆ ಒಳಗಿನ ವಿಷಯ ಹಂಚಿಕೊಳ್ಳುವುದು ಅಂತಾಯಿತಲ್ವಾ?

ಇದು ಹೊಸ ಸಭೆಗಳವರು ತಂದ ಮಾತಲ್ವಾ? ನಮ್ಮ ಅಜ್ಜಂದಿರ ಕಾಲದಲ್ಲಿ ಇತ್ತಾ?

ಮಾತು ಹೊಸದಿರಬಹುದು, ವಿಷಯ ಹಳೆಯದು. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಹೆಂಚಿನ ಕಾರ್ಖಾನೆ, ಅಚ್ಚುಕೂಟ, ಶಾಲೆ ಅಂದಾಗ ಎಲ್ಲರಿಗೂ ಅವರ ನೆನಪಾಗುತ್ತದೆ. ಅವರ ಭಕ್ತಿಯ ಬೇರು ಮಾತ್ರ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅವರಲ್ಲಿ ತುಂಬಾ ಜನ ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯವರು, ಪಯಟಿಸಂ ಎಂಬ ಭಕ್ತಿ ಚಳವಳಿಯ ಗಾಳಿಯಲ್ಲಿ ಬೆಳೆದವರು. 17ನೇ ಶತಮಾನದಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ ಎಂಬ ಪಾದ್ರಿ ಚರ್ಚಿಗೆ ಬಂದು ಹೋದರೆ ಸಾಲದು, ಮನೆಗಳಲ್ಲಿ ಸೇರಿ ಬೈಬಲ್ ಓದಿ, ಒಬ್ಬೊಬ್ಬರೂ ಮನಸ್ಸಿಟ್ಟು ಪ್ರಾರ್ಥಿಸಿ ಅಂತ ಶುರು ಮಾಡಿದ್ದು ಅದು. ನಮ್ಮ ಅಜ್ಜಿ ಚಿಮಣಿ ದೀಪದ ಬೆಳಕಲ್ಲಿ ಮಕ್ಕಳನ್ನೆಲ್ಲ ಚಾಪೆಯಲ್ಲಿ ಕೂರಿಸಿ ಮನೆ ಪ್ರಾರ್ಥನೆ ಮಾಡುತ್ತಿದ್ದರಲ್ಲ, ಅದರ ಹಿಂದೆ ಇರುವುದು ಇದೇ.

ಕೆಥೋಲಿಕರ ಕಡೆ ನೋಡಿದರೂ ಅಷ್ಟೇ. ಬಿಕರ್ನಕಟ್ಟೆಯ ಬಾಲಯೇಸು ಕ್ಷೇತ್ರ ನೋಡಿಕೊಳ್ಳುವವರು ಕಾರ್ಮೆಲ್ ಸಭೆ ಎಂಬ ಸನ್ಯಾಸಿ ಸಂಘದವರು. ಆ ಸಭೆಯನ್ನು 16ನೇ ಶತಮಾನದಲ್ಲಿ ಸುಧಾರಿಸಿದವಳು ಸ್ಪೇನಿನ ಆವಿಲಾದ ತೆರೇಸಾ. ಪ್ರಾರ್ಥನೆ ಅಂದರೆ ನಮ್ಮನ್ನು ಪ್ರೀತಿಸುವ ಗೆಳೆಯನ ಜೊತೆ ಆಗಾಗ ಒಂಟಿಯಾಗಿ ಕೂತು ಮಾತಾಡುವುದು ಅನ್ನುವ ಅರ್ಥದಲ್ಲಿ ಆಕೆ ಬರೆದಿದ್ದಾಳೆ. ಕೊಂಕಣಿ ಮನೆಗಳಲ್ಲಿ ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಮಕ್ಕಳು ಕೈ ಮುಗಿದು ಹಿರಿಯರ ಹತ್ತಿರ ಬೆಸಾಂವ್ (ಆಶೀರ್ವಾದ) ಕೇಳುವುದನ್ನು ನೀವು ನೋಡಿರಬಹುದು. ದೇವರ ಜೊತೆಗಿನ ಮಾತು ಅಲ್ಲಿ ಮನೆಯವರ ಜೊತೆಗಿನ ಮಾತಿಗೆ ಹಾಗೇ ಸೇರಿಕೊಳ್ಳುತ್ತದೆ. ಬಾಯಿಪಾಠದ ಪ್ರಾರ್ಥನೆಯಲ್ಲಿ ಸಂಬಂಧ ಇರುವುದಿಲ್ಲ ಅಂತ ಕೆಲವರು ಹಗುರವಾಗಿ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ.

ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು? ನನಗೆ ಪಾಸ್ಟರ್ ತರಹ ಕನ್ನಡ ಬರುವುದಿಲ್ಲ.

ಇದು ನನ್ನ ಇಷ್ಟದ ಪ್ರಶ್ನೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಮ್ಮ ಮನೆ ಭಾಷೆ ತುಳು. ಚರ್ಚಿನ ಭಾಷೆ ಕನ್ನಡ, ಅದೂ ಹಳೆಯ ಸತ್ಯವೇದದ, ಅಂದರೆ ಹಳೆಯ ಬೈಬಲ್ ಅನುವಾದದ ಕನ್ನಡ. ಹಾಗಾಗಿ ಕಣ್ಣು ಮುಚ್ಚಿದ ತಕ್ಷಣ ನಮ್ಮವರ ನಾಲಿಗೆಯೇ ಬದಲಾಗುತ್ತದೆ. "ಎಂತ ಮಾರಾಯ್ರೆ" ಅನ್ನುತ್ತಿದ್ದವರು "ಕೃಪಾಪೂರ್ಣನಾದ ಕರ್ತನೇ, ನಿನ್ನ ಸನ್ನಿಧಾನಕ್ಕೆ ಬರುತ್ತಿದ್ದೇವೆ" ಅಂತ ಶುರು ಮಾಡುತ್ತಾರೆ. ಅಮ್ಮ ಇದರಲ್ಲಿ ಪಳಗಿದವರು. ಒಂದು ಮಳೆಗಾಲದ ಸಂಜೆ ಹಾಗೆ ಪ್ರಾರ್ಥಿಸಿ ಆಮೆನ್ ಹೇಳಿ ಎದ್ದು, ಹಿಂದಿನ ಕೊಟ್ಟಿಗೆಯಿಂದ ಕಟ್ಟಿಗೆ ತರಲು ಹೋದರು. ರಾಶಿಯ ಮೇಲೆ ಹಾವು ಮಲಗಿತ್ತು. "ದೇವೆರೇ!" ಅಂತ ಅಮ್ಮ ಕೂಗಿದ್ದು ಪಕ್ಕದ ಮನೆಗೂ ಕೇಳಿತು. ಅಪ್ಪಟ ತುಳು. ಅವತ್ತು ಎರಡರಲ್ಲಿ ಯಾವುದು ಪ್ರಾರ್ಥನೆ ಅಂತ ನಾನು ಈಗಲೂ ಅಮ್ಮನನ್ನು ರೇಗಿಸುತ್ತೇನೆ.

ಎರಡೂ ಪ್ರಾರ್ಥನೆಯೇ. ಸಭೆಯಲ್ಲಿ ಎಲ್ಲರ ಪರವಾಗಿ ಮಾತಾಡುವಾಗ ಆ ಗಂಭೀರ ಕನ್ನಡಕ್ಕೆ ಒಂದು ಚಂದ ಇದೆ. ಆದರೆ ಒಬ್ಬರೇ ಇರುವಾಗ ಹಾವು ಕಂಡಾಗ ಬರುವ ಭಾಷೆಯೇ ಇರಲಿ. ತುಳುವೋ ಕೊಂಕಣಿಯೋ ಕುಂದಾಪುರ ಕನ್ನಡವೋ, ಯಾವುದಾದರೂ ಆಗುತ್ತದೆ. ತುಳುವಿನಲ್ಲಿ ಹೊಸ ಒಡಂಬಡಿಕೆಯನ್ನು ಬಾಸೆಲ್ ಮಿಷನ್‌ನವರು 1847ರಲ್ಲೇ ಅಚ್ಚು ಹಾಕಿದ್ದರು. ಜನರ ಮನಸ್ಸು ಯಾವ ಭಾಷೆಯಲ್ಲಿದೆ ಅಂತ ಅವರಿಗೆ ಗೊತ್ತಿತ್ತು.

ಯೇಸು ಮಾಡಿದ್ದೂ ಇದನ್ನೇ. ಆತ ದೇವರನ್ನು ಅರಾಮಿಕ್ ಭಾಷೆಯಲ್ಲಿ "ಅಬ್ಬಾ" ಅಂತ ಕರೆದ. ಅದು ಮನೆಯ ಮಾತು. ಮಕ್ಕಳು, ಬೆಳೆದವರು ಎಲ್ಲರೂ ಅಪ್ಪನನ್ನು ಕರೆಯುತ್ತಿದ್ದ ಮಾತು. ಮಾರ್ಕ 14ರಲ್ಲಿ ನಮ್ಮ ಕನ್ನಡ ಬೈಬಲ್ ಅದನ್ನು "ಅಪ್ಪಾ" ಅಂತಲೇ ಹಾಕಿದೆ. ಇಲ್ಲಿ ಒಂದು ತಮಾಷೆ. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ಸಣ್ಣವಳಿದ್ದಾಗ "ಅಪ್ಪಾ" ಅಂತ ಓದಿದಾಗೆಲ್ಲ ನನ್ನ ತಲೆಯಲ್ಲಿ ದೇವರಿಗೆ ಅಮ್ಮನ ಮುಖ ಬರುತ್ತಿತ್ತು. ತಾಯಿ ಸಂತೈಸುವ ಹಾಗೆ ಸಂತೈಸುತ್ತೇನೆ ಅಂತ ಯೆಶಾಯ 66ರಲ್ಲಿ ದೇವರೇ ಹೇಳಿದ್ದಾನೆ, ಹಾಗಾಗಿ ತಪ್ಪೇನೂ ಆಗಲಿಲ್ಲ.

ದಿನಕ್ಕೆ ಎಷ್ಟು ಹೊತ್ತು? ಬೆಳಿಗ್ಗೆಯೇ ಆಗಬೇಕಾ?

ಹತ್ತು ನಿಮಿಷ ಸಾಕು. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಒಂಟಿ ಜಾಗಕ್ಕೆ ಹೋಗಿ ಪ್ರಾರ್ಥಿಸಿದ ಅಂತ ಮಾರ್ಕ 1ರಲ್ಲಿದೆ. ನಿಮಗೆ ಅದು ಆಗುತ್ತದಾದರೆ ಒಳ್ಳೆಯದು. ಬೆಳಿಗ್ಗೆ ಮಕ್ಕಳ ಟಿಫಿನ್ ಕಟ್ಟಿ ಬಸ್ಸು ಹಿಡಿಯುವವರಿಗೆ ಆಗಲಿಕ್ಕಿಲ್ಲ. ನನ್ನ ಹೊತ್ತು ಕುಚ್ಚಲಕ್ಕಿ ಬೇಯುವ ಹೊತ್ತು. ಅದು ಹೇಗೂ ಬೇಗ ಬೇಯುವುದಿಲ್ಲ. ಒಲೆ ಸಣ್ಣ ಮಾಡಿ, ಬಾಗಿಲ ಹತ್ತಿರ ಮಣೆ ಹಾಕಿ ಕೂರುತ್ತೇನೆ. ಗಂಜಿಯ ಪರಿಮಳ ಬಂದರೆ ಆಮೆನ್ ಹೇಳುವ ಸಮಯ ಅಂತ ಲೆಕ್ಕ.

ಜಾಗವೂ ಹೊತ್ತೂ ದಿನಾ ಒಂದೇ ಇರಲಿ, ಅಷ್ಟೇ. ಫೋನ್ ಮಾತ್ರ ಬೇರೆ ಕೋಣೆಯಲ್ಲಿರಲಿ. ಪ್ರಾರ್ಥಿಸುವಾಗ ಕೋಣೆಗೆ ಹೋಗಿ ಬಾಗಿಲು ಹಾಕಿಕೋ ಅಂತ ಯೇಸು ಹೇಳಿದ್ದನ್ನು ಈ ಕಾಲಕ್ಕೆ ಹೀಗೆ ಅರ್ಥ ಮಾಡಿಕೊಳ್ಳಬೇಕು ಅಂತ ನನಗೆ ಕಾಣುತ್ತದೆ.

ಬೈಬಲ್ ಎಲ್ಲಿಂದ ಶುರು ಮಾಡಲಿ?

ಮೊದಲ ಪುಟದಿಂದ ಬೇಡ. ಜನವರಿ 1ಕ್ಕೆ ಆದಿಕಾಂಡ ಹಿಡಿದವರು ಯಾಜಕಕಾಂಡದ ಬಲಿಗಳ ಲೆಕ್ಕದಲ್ಲಿ ಸಿಕ್ಕಿಬಿದ್ದು ಮುಚ್ಚಿಡುತ್ತಾರೆ. ಯೇಸುವಿನ ಜೀವನ ಹೇಳುವ ಪುಸ್ತಕಗಳಲ್ಲಿ ಒಂದಾದ ಮಾರ್ಕನ ಸುವಾರ್ತೆ ತೆಗೆಯಿರಿ. ಬರೀ 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು. ದಿನಕ್ಕೆ ಒಂದು ಘಟನೆ ಸಾಕು. ಓದಿ, ಆ ಜಾಗದಲ್ಲಿ ನೀವೂ ನಿಂತಿದ್ದೀರಿ ಅಂದುಕೊಳ್ಳಿ. ಗಲಿಲಾಯ ಸರೋವರದ ದೋಣಿ ಅಂದರೆ ಮಲ್ಪೆಯವರಿಗೆ, ಉಳ್ಳಾಲದವರಿಗೆ ಜಾಸ್ತಿ ಕಷ್ಟಪಡಬೇಕಾಗಿಲ್ಲ. ರಾತ್ರಿಯಿಡೀ ಬಲೆ ಬೀಸಿ ಖಾಲಿ ಕೈಯಲ್ಲಿ ಬರುವುದು ಏನು ಅಂತ ಅವರಿಗೆ ಗೊತ್ತು. ಆ ಕಥೆ ಲೂಕ 5ರಲ್ಲಿದೆ, ಮಾರ್ಕ ಮುಗಿದ ಮೇಲೆ ಓದಿ.

ಜೊತೆಗೆ ಬೈಬಲಿನ ಹಾಡಿನ ರೂಪದ ಪ್ರಾರ್ಥನೆಗಳಾದ ಕೀರ್ತನೆಗಳಲ್ಲಿ ದಿನಕ್ಕೊಂದು. ಒಟ್ಟು 150 ಇವೆ, ಐದು ತಿಂಗಳಿಗೆ ಸರಿ ಹೋಗುತ್ತದೆ.

ನಾನು ಮಾತಾಡುತ್ತೇನೆ. ದೇವರು ತಿರುಗಿ ಮಾತಾಡುತ್ತಾನಾ?

ಕಿವಿಗೆ ಕೇಳುವ ಹಾಗೆ ನನಗೆ ಯಾವತ್ತೂ ಕೇಳಿಸಿಲ್ಲ. "ದೇವರು ನನಗೆ ಹೇಳಿದ" ಅಂತ ಬಂದು ಇನ್ನೊಬ್ಬರ ಮದುವೆ, ದುಡ್ಡಿನ ವಿಷಯ ತೀರ್ಮಾನ ಮಾಡುವವರನ್ನು ಕಂಡರೆ ನನಗೆ ಹೆದರಿಕೆ. ಅಂಥವರು ಬಂದರೆ ಚಹಾ ಕೊಟ್ಟು ಕಳಿಸಿ.

1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನ ಕಥೆ ಓದಿ. ಸಾಕಾಯಿತು, ನನ್ನ ಪ್ರಾಣ ತೆಗೆದುಬಿಡು ಅಂತ ಅವನು ಮರದ ಕೆಳಗೆ ಮಲಗಿಬಿಡುತ್ತಾನೆ. ದೇವರು ಮೊದಲು ಉಪದೇಶ ಮಾಡುವುದಿಲ್ಲ. ಬಿಸಿ ರೊಟ್ಟಿ, ನೀರು ಕೊಡಿಸುತ್ತಾನೆ. ತಿಂದು ಮತ್ತೆ ಮಲಗಲು ಬಿಡುತ್ತಾನೆ. ಮತ್ತೆ ಎಬ್ಬಿಸಿ ತಿನ್ನಿಸುತ್ತಾನೆ. ಮಾತು ಬರುವುದು ಆಮೇಲೆ, ಗಾಳಿಯಲ್ಲಿ ಅಲ್ಲ, ಭೂಕಂಪದಲ್ಲಿ ಅಲ್ಲ, ಬೆಂಕಿಯಲ್ಲಿ ಅಲ್ಲ, ಒಂದು ಮೆಲುದನಿಯಲ್ಲಿ.

ಆ ಮೆಲುದನಿ ಹಿಡಿಯಲು ಜೆಸುಯಿಟರ ಹತ್ತಿರ ಒಂದು ಒಳ್ಳೆ ಅಭ್ಯಾಸ ಇದೆ. ಮಂಗಳೂರಿನ ಸಂತ ಎಲೋಶಿಯಸ್ ಕಾಲೇಜು ಕಟ್ಟಿದ ಕೆಥೋಲಿಕ್ ಸಂಘದವರೇ. ಅವರ ಸ್ಥಾಪಕ ಲೊಯೋಲದ ಇಗ್ನೇಷಿಯಸ್ ಕಲಿಸಿದ್ದು. ಮಲಗುವ ಮೊದಲು ಇಡೀ ದಿನವನ್ನು ದೇವರ ಮುಂದೆ ಹಿಂದಕ್ಕೆ ತಿರುಗಿಸಿ ನೋಡುವುದು. ಯಾವುದಕ್ಕೆ ಥ್ಯಾಂಕ್ಸ್ ಹೇಳಬೇಕು, ಎಲ್ಲಿ ಮನಸ್ಸು ಹಗುರಾಯಿತು, ಎಲ್ಲಿ ಕಲ್ಲಾಯಿತು, ಯಾರಿಗೆ ಸಾರಿ ಹೇಳಬೇಕು, ನಾಳೆ ಏನು. ನಾನು ಸಿಎಸ್‌ಐಯವಳಾದರೂ ಇದನ್ನು ಹತ್ತು ವರ್ಷದಿಂದ ಮಾಡುತ್ತಿದ್ದೇನೆ. ಸತತ ಮೂರು ದಿನ ಒಂದೇ ಮನುಷ್ಯನ ಹೆಸರು "ಕಲ್ಲಾಯಿತು" ಅನ್ನುವಲ್ಲಿ ಬಂದರೆ, ದೇವರು ಏನು ಹೇಳುತ್ತಿದ್ದಾನೆ ಅಂತ ಬೇರೆ ಕೇಳಬೇಕಾಗಿಲ್ಲ.

ಕಾಲೇಜಿನ ಚಾಪೆಲ್‌ಗೆ ಸಾಮಾನ್ಯ ಜನ ಅಂತೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರ ನೋಡಲು ಹೋಗುತ್ತಾರೆ. ಒಮ್ಮೆ ಜನ ಕಡಿಮೆ ಇರುವಾಗ ಹೋಗಿ, ಒಂದೇ ಚಿತ್ರದ ಮುಂದೆ ಕಾಲು ಗಂಟೆ ಸುಮ್ನೆ ಕೂತು ನೋಡಿ. ಫೋಟೋ ತೆಗೆಯಬೇಡಿ.

ಅತ್ತೂರಿಗೆ ಹರಕೆ ಹೊತ್ತಿದ್ದೇನೆ. ಅದು ಸಾಲದೇ?

ನಮ್ಮ ಊರಿನಲ್ಲಿ ಹರಕೆ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಜಾತಿ ಧರ್ಮ ಇಲ್ಲ. ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಹೋಗಿ ನೋಡಿ, ಮೇಣದ ಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಜನ ಕ್ರೈಸ್ತರೇ ಅಲ್ಲ. ಕಷ್ಟದಲ್ಲಿ ಒಬ್ಬರನ್ನು ನೆನೆದು ಅಷ್ಟು ದೂರ ಹೋಗುವುದನ್ನು ನಾನು ಹಗುರ ಮಾಡುವುದಿಲ್ಲ. ಪ್ರಾಟೆಸ್ಟೆಂಟರಾದ ನಾವು ಹರಕೆ ಹೊರುವುದಿಲ್ಲ ಅಂತ ಬೀಗುತ್ತೇವೆ. ಆದರೆ "ಮಗನಿಗೆ ಸೀಟು ಸಿಗಲಿ, ಕೃತಜ್ಞತಾ ಕಾಣಿಕೆ ಕೊಡುತ್ತೇನೆ" ಅಂತ ಮನಸ್ಸಿನಲ್ಲಿ ಹೇಳಿಕೊಳ್ಳುವುದು ಏನು ಮತ್ತೆ?

ಒಂದೇ ಮಾತು. ಹರಕೆ ತೀರಿಸಿದ ದಿನ ಲೆಕ್ಕ ಚುಕ್ತಾ ಆಗುತ್ತದೆ. ಅಂಗಡಿಯವನ ಜೊತೆ ಹಾಗೆ, ಅಮ್ಮನ ಜೊತೆ ಹಾಗಲ್ಲ. ಬತ್ತಿ ಹಚ್ಚಿ ಬನ್ನಿ, ಮರುದಿನವೂ ಮಾತಾಡಿ.

ಕೇಳಿದ್ದು ಸಿಗದಿದ್ದರೆ? ಅಷ್ಟು ಪ್ರಾರ್ಥಿಸಿದೆವು, ಆದರೂ…

ಈ ಪ್ರಶ್ನೆ ಕೇಳುವವರು ಪೂರ್ತಿ ಕೇಳುವುದಿಲ್ಲ. "ಆದರೂ" ಅನ್ನುವಲ್ಲಿ ನಿಲ್ಲಿಸುತ್ತಾರೆ.

ನನ್ನ ಪಪ್ಪ ಐಸಿಯುನಲ್ಲಿ 23 ದಿನ ಇದ್ದರು. ಹೊರಗೆ ನೀಲಿ ಪ್ಲಾಸ್ಟಿಕ್ ಕುರ್ಚಿಗಳು. ಒಂದರ ಕಾಲು ಬಿರುಕು ಬಿಟ್ಟಿತ್ತು, ಗೊತ್ತಿಲ್ಲದೆ ಹೊಸಬರು ಅದರಲ್ಲೇ ಕೂರುತ್ತಿದ್ದರು. ಬೆಳಿಗ್ಗೆ ಒಬ್ಬ ಡಾಕ್ಟರ್ ಒಂದು ಹೇಳಿದರೆ ಸಂಜೆ ಇನ್ನೊಬ್ಬರು ಇನ್ನೊಂದು. ಔಷಧದ ಚೀಟಿ ಹಿಡಿದು ಕೆಳಗೆ ಮೇಲೆ ಓಡಾಟ. ಸಭೆಯವರು ಫ್ಲಾಸ್ಕಿನಲ್ಲಿ ಚಹಾ ತಂದರು, ಪ್ರಾರ್ಥಿಸಿದರು. ಅದರಲ್ಲಿ ಒಬ್ಬರು, "ನಿಮ್ಮ ವಿಶ್ವಾಸ ಗಟ್ಟಿ ಇದ್ದರೆ ಎದ್ದು ಬರುತ್ತಾರೆ" ಅಂದರು. 24ನೇ ದಿನ ಪಪ್ಪ ಹೋದರು. ಆ ಮಾತು ಮಾತ್ರ ನನ್ನ ಹತ್ತಿರ ಉಳಿಯಿತು. ಹಾಗಾದರೆ ಕೊಂದದ್ದು ನನ್ನ ವಿಶ್ವಾಸವಾ?

ಎಂಟು ತಿಂಗಳು ನಾನು ಪ್ರಾರ್ಥಿಸಲಿಲ್ಲ. ಸಂಡೇ ಸ್ಕೂಲಿಗೆ ಹೋಗುತ್ತಿದ್ದೆ, ಪಾಠ ಮಾಡುತ್ತಿದ್ದೆ, ಒಳಗೆ ಏನೂ ಇರಲಿಲ್ಲ. ಅಮ್ಮ ಬೈಯಲಿಲ್ಲ. ಒಂದು ರಾತ್ರಿ ಮನೆ ಪ್ರಾರ್ಥನೆಯಲ್ಲಿ ಬೈಬಲ್ ನನ್ನ ಕೈಗೆ ಕೊಟ್ಟು 88ನೇ ಕೀರ್ತನೆ ಜೋರಾಗಿ ಓದು ಅಂದರು. ಓದಿದೆ. ಹೆಚ್ಚಿನ ದುಃಖದ ಕೀರ್ತನೆಗಳು ಕೊನೆಗೆ ಒಂದು ಸಾಲಾದರೂ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ನಾನು ಮುಂದಿನ ಪುಟ ತಿರುಗಿಸಿ ನೋಡಿದೆ, ಇನ್ನೂ ಇದೆಯಾ ಅಂತ. ಇರಲಿಲ್ಲ. "ಇದೂ ಬೈಬಲ್‌ನಲ್ಲೇ ಇರುವುದು" ಅಂತ ಅಮ್ಮ ಹೇಳಿ ದೀಪ ಆರಿಸಿದರು.

ಆ ರಾತ್ರಿ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಾತಾಡಿದೆ. "ದೇವೆರೇ, ಎಂಕ್ ಆಪುಜಿ." ನನ್ನಿಂದ ಆಗುವುದಿಲ್ಲ. ಇಷ್ಟೇ. ಆಮೇಲೆ ಬೈದೆ. ತುಳುವಿನಲ್ಲಿ ಬೈಯಲು ಪದಗಳಿಗೆ ಕೊರತೆ ಇಲ್ಲ. ಉತ್ತರ ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಎಂಟು ತಿಂಗಳ ನಂತರ ಮಾತು ಮಾತ್ರ ಶುರುವಾಯಿತು.

ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅಪೊಸ್ತಲ ಪೌಲ ತನ್ನನ್ನು ಕಾಡುತ್ತಿದ್ದ "ಶರೀರದ ಮುಳ್ಳು" ತೆಗೆ ಅಂತ ಮೂರು ಸಲ ಬೇಡಿದ, ತೆಗೆಯಲಿಲ್ಲ. ಯೇಸು ಸೆರೆಯಾಗುವ ರಾತ್ರಿ ಗೆತ್ಸೆಮನೆ ತೋಟದಲ್ಲಿ ಈ ಪಾತ್ರೆ, ಅಂದರೆ ಬರಲಿರುವ ಕಷ್ಟ, ನನ್ನಿಂದ ದಾಟಿಹೋಗಲಿ ಅಂದ, ದಾಟಲಿಲ್ಲ. ಇವರಿಬ್ಬರಿಗೆ ವಿಶ್ವಾಸ ಕಡಿಮೆ ಇತ್ತು ಅಂತ ಹೇಳುವ ಧೈರ್ಯ ಯಾರಿಗಾದರೂ ಇದೆಯಾ? ಆಸ್ಪತ್ರೆಗೆ ನೋಡಲು ಹೋದಾಗ ಚಹಾ ತೆಗೆದುಕೊಂಡು ಹೋಗಿ. ಆ ಒಂದು ವಾಕ್ಯ ದಯವಿಟ್ಟು ಮನೆಯಲ್ಲಿ ಬಿಟ್ಟು ಹೋಗಿ.

ಪ್ರಾರ್ಥಿಸಿದರೂ ಏನೂ ಅನಿಸುವುದಿಲ್ಲ. ನನ್ನಲ್ಲಿ ಏನೋ ದೋಷ ಇದೆಯಾ?

ಇಲ್ಲ. ಮದರ್ ತೆರೇಸಾ ತೀರಿಕೊಂಡ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದವು. ದಶಕಗಟ್ಟಲೆ ದೇವರು ಹತ್ತಿರ ಇದ್ದಾನೆ ಅಂತ ಅವರಿಗೆ ಅನಿಸಿಯೇ ಇರಲಿಲ್ಲ. ಆದರೂ ದಿನಾ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂರುತ್ತಿದ್ದರು. ನಿದ್ದೆ, ಊಟ ಎರಡೂ ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದೆ ವಾರಗಟ್ಟಲೆ ಆಗಿದ್ದರೆ ಮಾತ್ರ ಪಾಸ್ಟರ್ ಜೊತೆಗೆ ಡಾಕ್ಟರನ್ನೂ ನೋಡಿ. ಅದು ಅವಿಶ್ವಾಸ ಅಲ್ಲ.

ತಪ್ಪು ಮಾಡಿದ್ದೇನೆ. ಪ್ರಾರ್ಥಿಸಲು ನಾಚಿಕೆ.

ಸರಿಯಾದ ಮೇಲೆ ಬರುತ್ತೇನೆ ಅಂದರೆ ಯಾವತ್ತೂ ಬರಲಿಕ್ಕಾಗುವುದಿಲ್ಲ. ಲೂಕ 18ರ ಕಥೆಯಲ್ಲಿ ಧರ್ಮನಿಷ್ಠನೆನಿಸಿಕೊಂಡ ಫರಿಸಾಯನ ಪ್ರಾರ್ಥನೆ ಉದ್ದ, ಜನ ಪಾಪಿ ಅನ್ನುತ್ತಿದ್ದ ಸುಂಕದವನದ್ದು ಒಂದೇ ಸಾಲು, ಪಾಪಿಯಾದ ನನ್ನನ್ನು ಕರುಣಿಸು ಅಂತ. ನೀತಿವಂತನಾಗಿ ಮನೆಗೆ ಹೋದವನು ಸುಂಕದವನು. ಕೆಥೋಲಿಕರಿಗೆ ಪಾಪನಿವೇದನೆ ಇದೆ. ನಾವು ಭಾನುವಾರ ಎಲ್ಲರೂ ಒಟ್ಟಿಗೆ ಪಾಪ ಒಪ್ಪಿಕೊಳ್ಳುತ್ತೇವೆ. ಒಟ್ಟಿಗೆ ಹೇಳುವಾಗ ನಮ್ಮದು ಯಾವುದು ಅಂತ ನೆನಪಿಟ್ಟು ಹೇಳಿದರೆ ಆಯಿತು.

ಕಷ್ಟದ್ದು ಇನ್ನೊಂದಿದೆ. ಮತ್ತಾಯ 5ರಲ್ಲಿ ಯೇಸು, ನಿನ್ನ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗಿ ರಾಜಿಯಾಗು ಅನ್ನುತ್ತಾನೆ. ಮನೆ ಪಾಲಾದಾಗಿನಿಂದ ತಮ್ಮನ ಅಂಗಳ ತುಳಿಯದವರು ನಮ್ಮ ಮೊದಲ ಬೆಂಚಿನಲ್ಲೇ ಇದ್ದಾರೆ. ದೇವರ ಜೊತೆ ಮಾತು ಯಾಕೋ ಸಾಗುವುದಿಲ್ಲ ಅಂತ ಅವರೇ ಬಂದು ಕೇಳುತ್ತಾರೆ!

ಚರ್ಚಿಗೆ ಹೋಗದೆ ಮನೆಯಲ್ಲೇ ಸಂಬಂಧ ಇಟ್ಟುಕೊಳ್ಳಬಹುದಾ?

ಸ್ವಲ್ಪ ದಿನ ಆಗುತ್ತದೆ. ಆದರೆ ಯೇಸು ಕಲಿಸಿದ ಪ್ರಾರ್ಥನೆ "ನಮ್ಮ ತಂದೆಯೇ" ಅಂತ ಇದೆ, "ನನ್ನ" ಅಂತ ಇಲ್ಲ. ನನಗೆ ಪ್ರಾರ್ಥಿಸಲಿಕ್ಕಾಗದ ಎಂಟು ತಿಂಗಳು ಪಕ್ಕದ ಬೆಂಚಿನವರು ಹಾಡುತ್ತಿದ್ದರು. ನಾನು ಪುಸ್ತಕ ಹಿಡಿದು ನಿಂತಿರುತ್ತಿದ್ದೆ.

ನಾನು ಕ್ರೈಸ್ತನಲ್ಲ. ಯೇಸುವಿನ ಹತ್ತಿರ ಮಾತಾಡಬಹುದಾ?

ಮಾತಾಡಬಹುದು, ಯಾರ ಅಪ್ಪಣೆಯೂ ಬೇಡ. ಸುವಾರ್ತೆಗಳಲ್ಲಿ ಆತನ ಹತ್ತಿರ ಬಂದು ಸಹಾಯ ಕೇಳಿದವರಲ್ಲಿ ರೋಮ್ ಸೈನ್ಯದ ಅಧಿಕಾರಿ ಇದ್ದಾನೆ, ಕಾನಾನ್ ಹೆಂಗಸು ಇದ್ದಾಳೆ. ಇಬ್ಬರೂ ಯೇಸುವಿನ ಯೆಹೂದಿ ಜನಕ್ಕೆ ಸೇರಿದವರಲ್ಲ. ಯಾರಾದರೂ ನಿಮ್ಮನ್ನು ಅವಸರ ಮಾಡಿದರೆ, ಆಸೆ ತೋರಿಸಿದರೆ, ಹೆದರಿಸಿದರೆ ಅಲ್ಲಿಂದ ಎದ್ದು ಬನ್ನಿ. ಸ್ನೇಹ ಹಾಗೆ ಆಗುವುದಿಲ್ಲ.

ಪ್ರಾರ್ಥನೆ ಮಾಡುತ್ತಾ ನಿದ್ದೆ ಬಂದುಬಿಡುತ್ತದೆ. ಎಂತ ಮಾಡುವುದು?

ಮಲಗಿಕೊಂಡು ಮಾಡಿದರೆ ಬರದೆ ಇನ್ನೇನು? ಎದ್ದು ಕೂತು ಮಾಡಿ, ಇಲ್ಲಾಂದರೆ ಅಂಗಳದಲ್ಲಿ ನಡೆಯುತ್ತಾ ಮಾಡಿ. ಆದರೂ ಬಂದರೆ, ಗೆತ್ಸೆಮನೆಯಲ್ಲಿ ಪೇತ್ರ, ಯಾಕೋಬ, ಯೋಹಾನ ಮೂವರೂ ನಿದ್ದೆ ಹೋಗಿದ್ದರು. ಯೇಸು ಮೂರು ಸಲ ಬಂದು ನೋಡಿದ, ಮೂರು ಸಲವೂ ನಿದ್ದೆ. ಅಮ್ಮನಿಗೆ ಈಗ 81. ಮನೆ ಪ್ರಾರ್ಥನೆಯಲ್ಲಿ "ಕೃಪಾಪೂರ್ಣನಾದ" ಅನ್ನುವವರೆಗೆ ಬರುತ್ತಾರೆ, "ಕರ್ತನೇ" ಅನ್ನುವ ಮೊದಲೇ ತಲೆ ಬಾಗುತ್ತದೆ. ನಾವು ಎಬ್ಬಿಸುವುದಿಲ್ಲ. ಉಳಿದದ್ದನ್ನು ನಾನು ತುಳುವಿನಲ್ಲಿ ಮುಗಿಸುತ್ತೇನೆ.